ಬಂಬ್ ಹೊಗೆ ಉಗುಳಿದರೆ, ನೀರು ಕಾಯದಿದ್ದರೆ: ಪುಣೆಯ ಚಳಿಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಕಟ್ಟಿಗೆ ಉರಿಸಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ್ ಸರಿಯಾಗಿ ಕಾಯುತ್ತಿಲ್ಲ ಎಂದರೆ ಜನ ಮೊದಲು ಅನುಮಾನಿಸುವುದು ತಾಮ್ರವನ್ನು. ಎಲ್ಲೋ ತೂತು ಬಿದ್ದಿರಬೇಕು, ಬೆಸುಗೆ ಬಿಟ್ಟಿರಬೇಕು ಎಂದುಕೊಂಡು ರಿಕ್ಷಾದಲ್ಲಿ ಹಾಕಿ ಕಸಬಾ ಪೇಠೆಯ ತಾಂಬಟ ಆಳಿಗೆ, ಅಂದರೆ ತಾಮ್ರಗಾರರ ಓಣಿಗೆ, ಒಯ್ಯುತ್ತಾರೆ. ತಾಮ್ರ ಅಷ್ಟು ಸುಲಭಕ್ಕೆ ಕೈಕೊಡುವ ಲೋಹವಲ್ಲ. ದೋಷ ಹೆಚ್ಚಾಗಿ ಕಟ್ಟಿಗೆಯಲ್ಲಿರುತ್ತದೆ, ಇಲ್ಲವೇ ಗಾಳಿಯ ದಾರಿಯಲ್ಲಿ. ಹುಡುಕುವ ಕ್ರಮವೂ ಹಾಗೇ ಇರಲಿ: ಮೊದಲು ಕಟ್ಟಿಗೆ, ಆಮೇಲೆ ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ನೀರಿನ ಬದಿ. ಬೆಸುಗೆಯ ಸರದಿ ಕಟ್ಟಕಡೆಗೆ.

ಇಲ್ಲಿ ಹೇಳಿದ್ದೆಲ್ಲ ಬಂಗಲೆ, ರೋ ಹೌಸ್, ಹಳೆಯ ವಾಡೆ, ಮುಳಶಿ ಅಥವಾ ಪವನಾ ಕಡೆಯ ತೋಟದ ಮನೆಗಳಿಗೆ. ಬಂಬ್ ಹಿತ್ತಿಲಲ್ಲೋ ತೆರೆದ ಪಡಸಾಲೆಯಲ್ಲೋ ನಿಂತಿರುವ ಕಡೆಗೆ. ಫ್ಲ್ಯಾಟಿನ ಬಚ್ಚಲುಮನೆಯೊಳಗೆ ಬಂಬ್ ಹೊತ್ತಿಸಲೇಬಾರದು. ಕಾರಣ ಕೊನೆಯಲ್ಲಿದೆ.

ಬಂಬಿನ ಒಳಗೆ ಏನಿದೆ

ನಡುವೆ ಒಂದು ಬೆಂಕಿಕೊಳವೆ, ಅದರ ಸುತ್ತ ನೀರು, ಹೊರಗೆ ತಾಮ್ರದ ಕವಚ. ಕೊಳವೆಯ ತಳದಲ್ಲಿ ಬೀಡುಕಬ್ಬಿಣದ ಜಾಳಿ, ಅದರ ಕೆಳಗೆ ಬೂದಿಗೂಡು. ಕಟ್ಟಿಗೆ ಬೀಳುವುದು ಮೇಲಿನಿಂದ, ಗಾಳಿ ಬರುವುದು ಬೂದಿಬಾಗಿಲಿನಿಂದ, ಹೊಗೆ ಹೋಗುವುದು ಮೇಲಿನ ಹೊಗೆಕೊಳವೆಯಿಂದ. ನೀರಿನ ವ್ಯವಸ್ಥೆಯಲ್ಲಿ ಎರಡು ಬಗೆ. ಒಂದರಲ್ಲಿ ಕೆಳಗೆ ಹಿತ್ತಾಳೆಯ ನಲ್ಲಿ ಇರುತ್ತದೆ. ಇನ್ನೊಂದರಲ್ಲಿ ಲಾಳಿಕೆಗೆ ಎಷ್ಟು ತಣ್ಣೀರು ಸುರಿದರೆ ಅಷ್ಟೇ ಬಿಸಿನೀರು ಮೇಲಿನ ಮೂತಿಯಿಂದ ಹೊರಬರುತ್ತದೆ. ಈ ಎರಡನೆಯ ಬಗೆಯಲ್ಲಿ ಲಾಳಿಕೆಯಿಂದ ತಳದವರೆಗೆ ಇಳಿಯುವ ಒಂದು ಸಣ್ಣ ನಳಿಗೆ ಒಳಗೇ ಇರುತ್ತದೆ. ಕಣ್ಣಿಗೆ ಬೀಳದ ಕಾರಣ ಅದು ಕೆಟ್ಟಾಗ ಯಾರಿಗೂ ನೆನಪಾಗುವುದಿಲ್ಲ.

ಧಾರವಾಡ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಬಚ್ಚಲ ಹಂಡೆಯ ಒಲೆಗೆ ಉದ್ದನೆಯ ಕೊರಡನ್ನು ಬದಿಯಿಂದ ತಳ್ಳಿ, ಉರಿದಂತೆ ಮುಂದಕ್ಕೆ ನೂಕುವುದು ರೂಢಿ. ಅದೇ ಕೈ ಬಂಬಿನ ಕೊಳವೆಗೂ ಉದ್ದದ ತುಂಡು ಇಳಿಸುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ತುಂಡುಗಳು ಒಂದಕ್ಕೊಂದು ಸಿಕ್ಕಿ ಕಮಾನು ಕಟ್ಟುತ್ತವೆ. ಕೆಳಗಿನದು ಉರಿದು ಮುಗಿದರೂ ಮೇಲಿನದು ಇಳಿಯುವುದಿಲ್ಲ. ನಡುವೆ ಪೊಳ್ಳು, ಮೇಲೆ ಹೊಗೆ. ಬಂಬಿಗೆ ಬೇಕಾದ ತುಂಡು 15ರಿಂದ 20 ಸೆಂಟಿಮೀಟರ್ ಉದ್ದ, 3–4 ಸೆಂಟಿಮೀಟರ್ ದಪ್ಪ. ಕೊಳವೆಯ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಹತ್ತು ನಿಮಿಷಕ್ಕೊಮ್ಮೆ ಕಬ್ಬಿಣದ ಸರಳಿನಿಂದ ಒಮ್ಮೆ ಕೆದಕಿ, ಕೆದಕುವಾಗ ಮುಖ ಕೊಳವೆಯ ಬಾಯಿಯ ಮೇಲೆ ಇರದಂತೆ ನಿಲ್ಲಿ.

ದೂರುವ ಮೊದಲು ಅಳೆಯಿರಿ

"ತುಂಬಾ ಹೊತ್ತು ಹಿಡಿಯುತ್ತದೆ" ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ತೂಕದ ಕಾಟಾ, ಒಂದು ಥರ್ಮಾಮೀಟರ್, ಒಂದು ಗಡಿಯಾರ ಇಟ್ಟುಕೊಂಡು ಒಂದು ಬೆಳಗಿನ ಲೆಕ್ಕ ತೆಗೆಯಿರಿ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 3.35 ಮೆಗಾಜೌಲ್. ಚೆನ್ನಾಗಿ ಒಣಗಿದ, ಅಂದರೆ 20 ಶೇಕಡಾ ತೇವಾಂಶದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 14 ಮೆಗಾಜೌಲ್ ಶಾಖ ಸಿಗುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಸೇರಿ ಉಳಿದದ್ದು ಹೊಗೆಯೊಂದಿಗೆ ಹೋಯಿತೆಂದು ಹಿಡಿದರೂ 700 ಗ್ರಾಂ ಕಟ್ಟಿಗೆ, ಅರ್ಧ ಗಂಟೆ ಸಾಕು. ನಿಮ್ಮ ಬಂಬ್ ಒಂದು ಕಿಲೋದೊಳಗೆ ಈ ಕೆಲಸ ಮುಗಿಸುತ್ತಿದ್ದರೆ ಅದರಲ್ಲಿ ದೋಷವಿಲ್ಲ. ಟಾಕಿಯ (ನೀರಿನ ಟ್ಯಾಂಕಿನ) ನೀರು ಚಳಿಗೆ ತಣ್ಣಗಾಗಿದೆ, ಅಷ್ಟೇ. ಒಂದೂವರೆ ಕಿಲೋ ದಾಟಿದರೆ ಮುಂದೆ ಓದಿ.

ಕಟ್ಟಿಗೆ

ಅರ್ಧಕ್ಕರ್ಧ ದೂರುಗಳು ಇಲ್ಲೇ ಬಗೆಹರಿಯುತ್ತವೆ. ಮಳೆಗಾಲ ಮುಗಿದ ಕೂಡಲೇ, ಅಕ್ಟೋಬರಿನಲ್ಲಿ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದಲೋ ಮನೆಯ ಹತ್ತಿರದ ವಖಾರಿಯಿಂದಲೋ ತಂದ ಕಟ್ಟಿಗೆ ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿರುತ್ತದೆ. 40 ಶೇಕಡಾ ತೇವಾಂಶದ ಒಂದು ಕಿಲೋ ಕಟ್ಟಿಗೆ ಎಂದರೆ 400 ಗ್ರಾಂ ನೀರಿಗೆ ದುಡ್ಡು ಕೊಟ್ಟಂತೆ. ಅದರ ಶಾಖ 10 ಮೆಗಾಜೌಲಿಗೆ ಇಳಿಯುತ್ತದೆ. ಮೇಲಾಗಿ ಉರಿ ತಣ್ಣಗಾಗಿ ಅನಿಲಗಳು ಪೂರ್ತಿ ಸುಡದೆ ಹೊಗೆಯಾಗಿ ಹೋಗುತ್ತವೆ.

ಪರೀಕ್ಷೆ ಸುಲಭ. ರಾಶಿಯ ನಡುವಿನ ಒಂದು ತುಂಡನ್ನು ಸೀಳಿ, ಆ ಕ್ಷಣದಲ್ಲೇ ಸೀಳಿದ ಮುಖವನ್ನು ಕೆನ್ನೆಗೆ ಒತ್ತಿ ನೋಡಿ. ತಂಪು ಹತ್ತಿದರೆ ಒಳಗೆ ನೀರಿದೆ. ಇನ್ನೂ ಖಚಿತ ಬೇಕೆಂದರೆ 200 ಗ್ರಾಂ ತುಂಡೊಂದನ್ನು ತೂಗಿ, ಓವನ್ನಿನಲ್ಲಿ 105 ಡಿಗ್ರಿಗೆ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 160 ಗ್ರಾಮಿಗೆ ನಿಂತರೆ 20 ಶೇಕಡಾ, ಉರಿಸಬಹುದು. 140ಕ್ಕೆ ಇಳಿದರೆ ಆ ರಾಶಿಯನ್ನು ಮುಂದಿನ ಚಳಿಗಾಲಕ್ಕೆ ಎತ್ತಿಡಿ.

ಪುಣೆಯ ಹವೆ ಈ ವಿಷಯದಲ್ಲಿ ಒಳ್ಳೆಯದೇ. ಫೆಬ್ರುವರಿಯಿಂದ ಮೇವರೆಗಿನ ಒಣಬಿಸಿಲಿನಲ್ಲಿ ಸೀಳಿ ಒಟ್ಟಿದ ಕಟ್ಟಿಗೆ ಚೆನ್ನಾಗಿ ಒಣಗುತ್ತದೆ. ಕೊಳ್ಳುವ ಕಾಲ ಅದು, ಅಕ್ಟೋಬರ್ ಅಲ್ಲ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಇಟ್ಟು ಒಟ್ಟಿ, ಮೇಲೆ ತಗಡಿನ ಪತ್ರಾ ಹೊದಿಸಿ, ಬದಿಗಳನ್ನು ತೆರೆದಿಡಿ. ತಾಡಪತ್ರಿಯಿಂದ ಸುತ್ತಲೂ ಮುಚ್ಚಿದರೆ ಒಳಗಿನ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ.

ಜಾಲಿ, ಸುಬಾಬುಲ್, ಮಾವು ಎಲ್ಲವೂ ನಡೆಯುತ್ತವೆ. ಜಾಲಿಯ ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ, ಮಾವು ಬೇಗ ಹತ್ತುತ್ತದೆ. ಕೆಳಗೆ ಮಾವಿನ ಚಕ್ಕೆ, ಮೇಲೆ ಜಾಲಿ ಒಳ್ಳೆಯ ಜೋಡಿ. ತೆಂಗಿನ ಚಿಪ್ಪು ಜೋರಾಗಿ ಉರಿಯುತ್ತದೆ, ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ. ಕುಳ್ಳು (ಬೆರಣಿ) ಹಾಕುವವರು ಒಂದು ಮಾತು ತಿಳಿದಿರಲಿ: ಕಟ್ಟಿಗೆಯಲ್ಲಿ ಬೂದಿ ನೂರಕ್ಕೆ ಒಂದೋ ಎರಡೋ ಪಾಲು, ಕುಳ್ಳಿನಲ್ಲಿ ಸುಮಾರು ಐದರಲ್ಲೊಂದು. ಕುಳ್ಳು ಉರಿಸಿದ ದಿನ ಜಾಳಿಯನ್ನು ನಡುವೆಯೇ ಅಲ್ಲಾಡಿಸದಿದ್ದರೆ ಗಾಳಿ ಕಟ್ಟಿ ಉರಿ ಸಾಯುತ್ತದೆ. ಪ್ಲೈವುಡ್, ಲ್ಯಾಮಿನೇಟ್, ಬಣ್ಣ ಬಳಿದ ಹಳೆಯ ಕಿಟಕಿಯ ಚೌಕಟ್ಟು ಯಾವುದೂ ಬೇಡ. ಅವುಗಳ ಅಂಟು, ಬಣ್ಣದ ಹೊಗೆ ವಿಷ. ಸ್ನಾನದ ನೀರಿಗಾಗಿ ಮಕ್ಕಳ ಎದೆಗೆ ಅದನ್ನು ಇಳಿಸಬೇಡಿ.

ಹೊಗೆ ಮತ್ತು ಬೂದಿ ಏನು ಹೇಳುತ್ತವೆ

ಹೊತ್ತಿಸಿ ಹದಿನೈದು ನಿಮಿಷದ ಮೇಲೆ ಹೊಗೆಕೊಳವೆಯ ತುದಿ ನೋಡಿ. ಹೊಗೆ ಕಣ್ಣಿಗೆ ಕಾಣಿಸದೆ ಗಾಳಿ ಮಾತ್ರ ಬಿಸಿಗೆ ನಡುಗುತ್ತಿದ್ದರೆ ಉರಿ ಸರಿಯಾಗಿದೆ. ದಟ್ಟ ಬಿಳಿ ಹೊಗೆ ಹಸಿ ಕಟ್ಟಿಗೆಯ ಗುರುತು. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಒಂದೇ ಸಲಕ್ಕೆ ಹೆಚ್ಚು ಉರುವಲು ಬಿದ್ದಿದೆ. ತೆಳು ನೀಲಿ ಹೊಗೆ ಬಂದರೆ ಜ್ವಾಲೆ ಆರಿ ಕಟ್ಟಿಗೆ ಬರೀ ಹೊಗೆಯಾಡುತ್ತಿದೆ. ಸಣ್ಣ ಒಣ ಚಕ್ಕೆ ನಾಲ್ಕು ಹಾಕಿ ಜ್ವಾಲೆ ಎಬ್ಬಿಸಿ.

ಮಾರನೆಯ ಬೆಳಿಗ್ಗೆ ಬೂದಿಗೂಡು ಎಳೆದು ನೋಡಿ. ಮೆತ್ತನೆಯ ಬೂದಿಬಣ್ಣದ ಪುಡಿ ಇದ್ದರೆ ಒಳ್ಳೆಯದು. ಹೆಬ್ಬೆರಳಿನ ಗಾತ್ರದ ಕಪ್ಪು ಇದ್ದಿಲು ಉಳಿದಿದ್ದರೆ ಕೆಳಗಿನಿಂದ ಗಾಳಿ ಏರಿಲ್ಲ. ಜಾಳಿಯ ಸರಳುಗಳ ನಡುವೆ 8ರಿಂದ 10 ಮಿಲಿಮೀಟರ್ ಸಂದು ಬೇಕು. ಅಲ್ಲಿ ಸಾಮಾನ್ಯವಾಗಿ ಸಿಕ್ಕಿಬಿದ್ದಿರುವುದು ಹಳೆಯ ಪೆಟ್ಟಿಗೆಗಳ ಮೊಳೆ, ಕರಗಿ ಗಟ್ಟಿಯಾದ ಬೂದಿಗಡ್ಡೆ. ಬೂದಿ ಅರ್ಧ ಗೂಡು ತುಂಬುವ ಮೊದಲೇ ತೆಗೆಯಿರಿ. ತುಂಬಿದ ಬೂದಿಯ ಮೇಲೆ ಕೆಂಡ ಕೂತರೆ ಗಾಳಿ ನಿಲ್ಲುವುದಲ್ಲದೆ ಜಾಳಿಗೆ ಕೆಳಗಿನಿಂದಲೂ ಬಿಸಿ ತಗುಲಿ ಅದು ಬಾಗುತ್ತದೆ. ಬಾಗಿದ ಜಾಳಿಯನ್ನು ಬಡಿದು ನೇರ ಮಾಡಲು ಹೋಗಬೇಡಿ, ಬೀಡು ಸೀಳುತ್ತದೆ. ರವಿವಾರ ಪೇಠೆಯ ಬೋಹರಿ ಆಳಿಗೆ ಹಳೆಯದನ್ನೇ ಅಳತೆಗೆ ಒಯ್ದು ಹೊಸದು ತನ್ನಿ.

ಹೊಗೆ ಹಿಂದಕ್ಕೆ ಬರುವುದು

ಹೊತ್ತಿಸುವ ಮೊದಲು ಬೂದಿಬಾಗಿಲ ಮುಂದೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಒಳಗೆ ಬಾಗಿದರೆ ಸೆಳೆತ ಇದೆ. ನೆಟ್ಟಗೆ ಮೇಲೇರಿದರೆ ಸೆಳೆತ ಇಲ್ಲ. ನಿಮ್ಮ ಕಡೆಗೆ ಬಾಗಿದರೆ ಕೊಳವೆಯಲ್ಲಿ ಗಾಳಿ ಕೆಳಮುಖವಾಗಿ ಇಳಿಯುತ್ತಿದೆ; ಆಗ ಹೊತ್ತಿಸಿದರೆ ಮನೆ ತುಂಬಾ ಹೊಗೆ.

ಸೆಳೆತಕ್ಕೆ ಬಲ ಕೊಡುವುದು ಹೊಗೆಕೊಳವೆಯ ಎತ್ತರ ಮತ್ತು ಒಳಗಿನ ಬಿಸಿ. ಹೊರಗೆ 10 ಡಿಗ್ರಿ ಇದ್ದು, 2 ಮೀಟರ್ ಕೊಳವೆಯೊಳಗೆ ಅನಿಲ 200 ಡಿಗ್ರಿ ಇದ್ದರೆ ಸಿಗುವ ಒತ್ತಡದ ಅಂತರ ಸುಮಾರು 9 ಪಾಸ್ಕಲ್. ಅದೇ ಅನಿಲ 60 ಡಿಗ್ರಿಗೆ ಇಳಿದರೆ 3–4 ಪಾಸ್ಕಲ್ ಮಾತ್ರ. ಇದು ಎಷ್ಟು ನಾಜೂಕಾದ ಬಲ ಎಂದರೆ, ಪಕ್ಕದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ ಅದು ಪಡಸಾಲೆಯ ಗಾಳಿಯನ್ನು ಎಳೆದು ಹೊಗೆಯನ್ನೂ ಹಿಂದಕ್ಕೆ ತರಬಲ್ಲದು. ಮೊದಲು ಫ್ಯಾನ್ ಆರಿಸಿ ನೋಡಿ.

ಆಮೇಲೆ ಮಾಡಿನ ಮೇಲಿನ ಹೊಗೆಕೊಳವೆಯ ತುದಿ. ಪಾರಿವಾಳ ಗೂಡು ಕಟ್ಟದಿರಲಿ ಎಂದು ಬಿಗಿದ ಸಣ್ಣ ಕಣ್ಣಿನ ಜಾಲರಿಯೇ ಹಲವು ಕಡೆ ದೋಷದ ಮೂಲ. ಸೊಳ್ಳೆಪರದೆಯಂಥ ಜಾಲರಿ ಎರಡೇ ವಾರದಲ್ಲಿ ಮಸಿ ಹಿಡಿದು ಮುಚ್ಚಿಹೋಗುತ್ತದೆ. 12 ಮಿಲಿಮೀಟರಿಗಿಂತ ಸಣ್ಣ ಕಣ್ಣು ಬೇಡ. ಹೊಗೆಕೊಳವೆಯ ಅಗಲ ಬೆಂಕಿಕೊಳವೆಯಷ್ಟೇ ಇರಲಿ, ಮೇಲೆ ಹೋಗುತ್ತ ಸಣ್ಣದಾಗಬಾರದು. ತಿರುವು ಎರಡಕ್ಕಿಂತ ಹೆಚ್ಚು ಬೇಡ, ಇದ್ದರೂ ಲಂಬಕೋನದ ತಿರುವಿಗಿಂತ ಓರೆ ತಿರುವು ವಾಸಿ. ತುದಿ ಪತ್ರೆಯ ಮಾಡಿಗಿಂತ, ಹತ್ತಿರದ ಗೋಡೆಗಿಂತ ಕನಿಷ್ಠ 60 ಸೆಂಟಿಮೀಟರ್ ಮೇಲಿರಬೇಕು. ಪತ್ರಾ ತೂರುವ ಜಾಗದಲ್ಲಿ ಮರದ ತೊಲೆ ಕೊಳವೆಗೆ ತಾಗಿಕೊಂಡಿದ್ದರೆ ಬೇರೆಲ್ಲ ಬಿಟ್ಟು ಅದನ್ನು ಮೊದಲು ಸರಿಪಡಿಸಿ.

ಎಲ್ಲ ಸರಿಯಿದ್ದೂ ಡಿಸೆಂಬರಿನ ಕೆಲವು ಬೆಳಗುಗಳಲ್ಲಿ ಮಾತ್ರ ಹೊಗೆ ತಿರುಗಿದರೆ ಅದು ಹವೆಯ ಕೆಲಸ. ರಾತ್ರಿ ಆಕಾಶ ತಿಳಿಯಾಗಿದ್ದಾಗ ನೆಲ ಬೇಗ ತಣಿದು, ತಣ್ಣನೆಯ ಗಾಳಿ ತಳದಲ್ಲಿ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಮುಠಾ ನದಿಯ ಬಯಲಿನಲ್ಲಿ ಆರು ಗಂಟೆಗೆ ಹೊಗೆ ಹಾಸಿಕೊಂಡಂತೆ ಕಾಣುವುದು ಇದರಿಂದಲೇ. ರಾತ್ರಿಯಿಡೀ ತಣಿದ ಕೊಳವೆಗೆ ಆಗ ಮೊದಲ ತಳ್ಳು ಬೇಕು. ಎರಡು ಹಾಳೆ ಪೇಪರನ್ನು ಸಡಿಲವಾಗಿ ಮಡಿಸಿ, ಹೊತ್ತಿಸಿ, ಕೊಳವೆಯ ಮೇಲ್ಭಾಗಕ್ಕೆ ಹತ್ತಿರದ ಬಾಗಿಲಲ್ಲಿ ಇಡಿ. ಅದು ಉರಿದು ಸೆಳೆತ ಕೂಡಿದ ಮೇಲೆ ಕೆಳಗೆ ಹೊತ್ತಿಸಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಎಂದಿಗೂ ಬೇಡ. ಬಿಸಿ ಕೊಳವೆಯಲ್ಲಿ ಆವಿ ತುಂಬಿ ಜ್ವಾಲೆ ಬಾಯಿಗೇ ಚಿಮ್ಮುತ್ತದೆ.

ಕೊಳವೆಯ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿ. ಪುಡಿಮಸಿ ಉದುರಿದರೆ ತೆಂಗಿನ ನಾರಿನ ಉದ್ದ ಬ್ರಷ್ ಸಾಕು, ಹದಿನೈದು ದಿನಕ್ಕೊಮ್ಮೆ. ಹೊಳೆಯುವ ಕಪ್ಪು ಗಟ್ಟಿಪದರ ಇದ್ದರೆ ಅದು ಹಸಿ ಕಟ್ಟಿಗೆಯ ಡಾಂಬರು, ಅದಕ್ಕೇ ಬೆಂಕಿ ಹತ್ತಬಲ್ಲದು. ಮರದ ಕೆರೆಗೋಲಿನಿಂದ ತಾಳ್ಮೆಯಿಂದ ತೆಗೆಯಿರಿ. ಉಳಿ, ಚಾಣ ಹಿಡಿದರೆ ತೆಳು ತಾಮ್ರ ತೂತು ಬೀಳುತ್ತದೆ. ಕೊಳವೆಯಲ್ಲಿ ಭೋರ್ಗರೆವ ಸದ್ದು ಕೇಳಿದರೆ ಡಾಂಬರಿಗೆ ಬೆಂಕಿ ಹತ್ತಿದೆ ಎಂದರ್ಥ: ಬೂದಿಬಾಗಿಲು ಮುಚ್ಚಿ, ದೂರ ಸರಿದು ನಿಲ್ಲಿ, ಮೇಲಿನಿಂದ ನೀರು ಸುರಿಯಬೇಡಿ.

ಸೋರಿಕೆಯೋ, ಬೆವರೋ

ಹೊತ್ತಿಸಿ ಐದು ನಿಮಿಷಕ್ಕೆ ಜಾಳಿಯ ಮೇಲೆ ಚುಯ್ ಎಂದು ಹನಿ ಬೀಳುತ್ತದೆ. ಬೂದಿಗೂಡಿನಲ್ಲಿ ಕಂದು ನೀರು. ಬಂಬ್ ಸೋರುತ್ತಿದೆ ಎಂದು ಗಾಬರಿಯಾಗುವುದು ಸಹಜ. ಆದರೆ ಹೆಚ್ಚಿನ ಸಲ ಅದು ಬೆವರು. ಕಟ್ಟಿಗೆ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಕಟ್ಟಿಗೆ ಹಸಿಯಿದ್ದರೆ ಇನ್ನೂ ಹೆಚ್ಚು. ಬೆಂಕಿಕೊಳವೆಯ ಆಚೆ ಬದಿಗೆ 18–20 ಡಿಗ್ರಿಯ ತಣ್ಣೀರು ಇರುವುದರಿಂದ ಈಚೆ ಬದಿಯ ತಾಮ್ರವೂ ತಣ್ಣಗೆ; ಆವಿ ಅದಕ್ಕೆ ತಾಗಿ ಹನಿಗಟ್ಟಿ ಇಳಿಯುತ್ತದೆ. ನೀರು 50–55 ಡಿಗ್ರಿ ದಾಟಿದ ಮೇಲೆ ಹನಿ ತಾನಾಗಿ ನಿಲ್ಲುತ್ತದೆ.

ಎರಡನ್ನೂ ಬೇರ್ಪಡಿಸಲು ಬೆಂಕಿ ಇಲ್ಲದೆ ಪರೀಕ್ಷಿಸಿ. ಕೊಳವೆಯೊಳಗೆ ಒಣಬಟ್ಟೆಯಿಂದ ಒರೆಸಿ, ಜಾಳಿಯ ಮೇಲೆ ಒಂದು ಹಾಳೆ ಪೇಪರ್ ಹಾಸಿ, ಬಂಬಿಗೆ ಗೆರೆಯವರೆಗೆ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಸೋರಿಕೆಯಿಲ್ಲ. ಕಟ್ಟಿಗೆ ಬದಲಿಸಿ, ಮೊದಲ ಹತ್ತು ನಿಮಿಷ ಸಣ್ಣ ಚಕ್ಕೆಯಿಂದ ಜೋರು ಉರಿ ಕೊಡಿ, ಸಾಕು. ಪೇಪರ್ ಒದ್ದೆಯಾಗಿದ್ದರೆ ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಒಳಗೆ ನೋಡಿ: ಹಸಿರು ನೀಲಿ ಕಲೆ ಅಥವಾ ಬಿಳಿ ಉಪ್ಪಿನ ಗೆರೆ ಎಲ್ಲಿಂದ ಇಳಿದಿದೆಯೋ ಅಲ್ಲೇ ಬಿರುಕು. ಸೀಸದ ಕಡ್ಡಿಯಿಂದ ಗುರುತು ಹಾಕಿ ತಾಂಬಟರಿಗೆ ಒಯ್ಯಿರಿ.

ಅಲ್ಲಿ ಕೇಳಬೇಕಾದ್ದು ಒಂದೇ: ಯಾವ ಬೆಸುಗೆ? ತವರ-ಸೀಸದ ಮೆದು ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಹಿಂದೆ ನೀರಿರುವವರೆಗೆ ತಾಮ್ರ 100 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಬೆಸುಗೆ ಬದುಕಿರುತ್ತದೆ. ನೀರು ಬೆಸುಗೆಯ ಮಟ್ಟಕ್ಕಿಂತ ಕೆಳಗಿಳಿದ ಗಳಿಗೆ ಅದು ಮೇಣದಂತೆ ಜಾರುತ್ತದೆ. ಬೆಂಕಿಯ ಬದಿಗೆ ಹಿತ್ತಾಳೆಯ ಗಟ್ಟಿ ಬೆಸುಗೆಯನ್ನೇ ಹಾಕಿಸಿ. ಎಂ-ಸೀಲ್ ಮೆತ್ತುವುದು ಎರಡು ದಿನದ ಮಾತು. ಖಾಲಿ ಬಂಬಿಗೆ ಬೆಂಕಿ ಹಾಕುವುದೇ ಬೆಸುಗೆ ಬಿಡುವ ಮುಖ್ಯ ಕಾರಣ. ನಲ್ಲಿಯ ಬಂಬಿನಲ್ಲಿ ಕೊನೆಯವರು ನೀರು ಬಸಿದು ಹೋದಾಗ ಒಳಗೆ ಕೆಂಡ ಉಳಿದಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಮೊದಲ ತಂಬಿಗೆ ಬಿಸಿ, ಆಮೇಲೆ ಉಗುರುಬೆಚ್ಚಗೆ

ಸುರಿದಷ್ಟೇ ಹೊರಬರುವ ಬಂಬಿನಲ್ಲಿ ಇದು ಕಂಡರೆ ಒಳಗಿನ ಆ ನಳಿಗೆ ಮುರಿದಿದೆ. ಸುರಿದ ತಣ್ಣೀರು ತಳಕ್ಕೆ ಇಳಿಯದೆ ಮೇಲೆಯೇ ಬಿಸಿನೀರಿಗೆ ಬೆರೆತು ಹೊರಬರುತ್ತಿದೆ. ಬಂಬ್ ಕಾದಾಗ ಒಣಬಟ್ಟೆ ಸುತ್ತಿದ ಕೈಯಿಂದ ಕವಚದ ಕೆಳಭಾಗ ಮುಟ್ಟುತ್ತ ಇನ್ನೊಬ್ಬರಿಂದ ನಿಧಾನಕ್ಕೆ ಒಂದು ಬಕೆಟ್ ಸುರಿಸಿ. ನಳಿಗೆ ಸರಿಯಿದ್ದರೆ ಕೆಳಭಾಗ ತಟ್ಟನೆ ತಣಿಯುತ್ತದೆ, ಮೂತಿಯ ನೀರು ಕೊನೆಯವರೆಗೂ ಬಿಸಿಯಿರುತ್ತದೆ. ಮುರಿದಿದ್ದರೆ ಎರಡೂ ತಿರುಗುಮುರುಗು. ರಿಪೇರಿ ಅಗ್ಗದ್ದೇ, ಆದರೆ ಕವಚ ಬಿಚ್ಚಬೇಕು. ಅದೇ ಹೊತ್ತಿಗೆ ಒಳಗಿನ ಸುಣ್ಣವನ್ನೂ ತೆಗೆಸಿಬಿಡಿ.

ಗುಡುಗುಡು ಸದ್ದು

ಖಡಕವಾಸಲೆಯ ನೀರು ಬರುವ ಮನೆಗಳಲ್ಲಿ ಸುಣ್ಣದ ಕಾಟ ಕಡಿಮೆ. ವಾಘೋಲಿ, ಉಂಡ್ರಿ, ಪಿಸೋಳಿಯ ಕಡೆ ಬೋರ್ವೆಲ್ ಅಥವಾ ಟ್ಯಾಂಕರ್ ನೀರು ತುಂಬುವವರಿಗೆ ಒಂದೆರಡು ವರ್ಷಕ್ಕೇ ಬೆಂಕಿಕೊಳವೆಯ ನೀರಿನ ಬದಿಗೆ ಬಿಳಿ ಪದರ ಕಟ್ಟುತ್ತದೆ. ಪದರದ ಅಡಿಯಲ್ಲಿ ಸಿಕ್ಕಿದ ನೀರು ಆವಿಯಾಗಿ ಒಡೆದು ಬರುವ ಸದ್ದೇ ಆ ಗುಡುಗುಡು. ಬಂಬ್ ಹಿಡಿಯುವ ನೀರನ್ನು ಲೀಟರಿನಲ್ಲಿ ಅಳೆದು ನೋಡಿ. ಮೊದಲಿಗಿಂತ ಲೀಟರ್ ಎರಡು ಲೀಟರ್ ಕಡಿಮೆ ಹಿಡಿದರೆ ಆ ಜಾಗವನ್ನು ಸುಣ್ಣ ಆಕ್ರಮಿಸಿದೆ.

20 ಲೀಟರಿಗೆ 600 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿಯಲ್ಲಿ ಸಿಗುವ ನಿಂಬೆಸತ್ವ, ಬೆಚ್ಚಗಿನ ನೀರಿನಲ್ಲಿ ಕರಗಿಸಿ ತುಂಬಿ. 50 ಡಿಗ್ರಿಗೆ ತಂದು ಬೆಂಕಿ ತೆಗೆಯಿರಿ. ಕುದಿಸಬೇಡಿ: ಕಾವು ಹೆಚ್ಚಿದಂತೆ ಕ್ಯಾಲ್ಸಿಯಂ ಸಿಟ್ರೇಟ್ ಕರಗದೆ ಮತ್ತೆ ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆ ನೊರೆ ಬರುತ್ತದೆ, ಮೂತಿ ತೆರೆದೇ ಇರಲಿ. ನೊರೆ ನಿಂತೊಡನೆ ಬಸಿಯಿರಿ. ಬಸಿದ ನೀರಿಗೆ ನೀಲಿ ಬಣ್ಣ ಬಂದಿದ್ದರೆ ಆಮ್ಲ ಸುಣ್ಣ ಮುಗಿಸಿ ತಾಮ್ರಕ್ಕೆ ಕೈ ಹಾಕಿದೆ. 100 ಗ್ರಾಂ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿ ನೀರಿನಿಂದ ಎರಡು ಸಲ ತೊಳೆಯಿರಿ. ಸಂಡಾಸಿಗೆ ಹಾಕುವ ಆಸಿಡ್ ಹಿತ್ತಾಳೆಯ ನಲ್ಲಿಯನ್ನೂ ಬೆಸುಗೆಯನ್ನೂ ತಿನ್ನುತ್ತದೆ, ಅದು ಬೇಡ.

ನಲ್ಲಿ ತೊಟ್ಟಿಕ್ಕುವುದಕ್ಕೆ ಸಾಮಾನ್ಯವಾಗಿ ರಬ್ಬರ್ ವಾಷರ್ ಬಿಸಿಗೆ ಗಟ್ಟಿಯಾಗಿರುವುದೇ ಕಾರಣ. ಸಿಲಿಕಾನ್ ಅಥವಾ ಫೈಬರ್ ವಾಷರ್ ಹಾಕಿ, ನಲ್ಲಿಯ ತಿರುಪಿನ ಮರೆಗೆ ಟೆಫ್ಲಾನ್ ಟೇಪ್ ಸುತ್ತಿ.

ಮುಚ್ಚಬಾರದ ಬಾಯಿ, ಒಳಗೆ ತರಬಾರದ ಕೆಂಡ

ಇತ್ತೀಚೆಗೆ ಟೆರೇಸಿನ ಟಾಕಿಯಿಂದ ನೇರವಾಗಿ ಬಂಬಿಗೆ ಪೈಪ್ ಜೋಡಿಸಿ, ಹೊರಬರುವ ಕಡೆಗೂ ವಾಲ್ವ್ ಹಾಕಿಸುವವರಿದ್ದಾರೆ. ಬಂಬ್ ಒತ್ತಡ ತಡೆಯುವ ಪಾತ್ರೆಯಲ್ಲ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮುಚ್ಚಿದ ವಾಲ್ವಿನ ಹಿಂದೆ ಅದಕ್ಕೆ ಹೋಗಲು ದಾರಿಯಿಲ್ಲ. ಕವಚ ಉಬ್ಬಿದ್ದು ಕಂಡರೆ ಅಥವಾ ಲಾಳಿಕೆಯಿಂದ ಕುದಿನೀರು ಚಿಮ್ಮಿದರೆ ಬೂದಿಬಾಗಿಲು ಮುಚ್ಚಿ ದೂರ ಹೋಗಿ, ತಣಿದ ಮೇಲೆ ಪ್ಲಂಬರನ್ನು ಕರೆದು ಆ ವಾಲ್ವ್ ತೆಗೆಸಿ. ಒಂದು ಬಾಯಿ ಸದಾ ಆಕಾಶಕ್ಕೆ ತೆರೆದಿರಲೇಬೇಕು.

ಸ್ನಾನ ಮುಗಿದ ಮೇಲೆ ಉಳಿದ ಕೆಂಡವನ್ನು ಶೇಗಡಿಗೆ ತುಂಬಿ, ಅಜ್ಜಿಯ ಕೋಣೆ ಬೆಚ್ಚಗಾಗಲಿ ಎಂದು ಒಳಗಿಟ್ಟು ಬಾಗಿಲು ಹಾಕುವುದು ಚಳಿಗಾಲದಲ್ಲಿ ಜೀವ ತೆಗೆಯುವ ಕೆಲಸ. ಹೊಗೆಯಾಡದ ಕೆಂಡ ನಿರಪಾಯ ಎಂದು ತೋರುತ್ತದೆ, ಆದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಹುಟ್ಟುವುದು ಅದರಿಂದಲೇ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಮೊದಲ ಲಕ್ಷಣ. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಬಂಬ್ ಬೇಡ ಎಂದದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆ ನೋಯತೊಡಗಿದರೆ ಚಳಿಯೆನ್ನದೆ ಎಲ್ಲರನ್ನೂ ಹೊರಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಬಂಬಿಗೆ ತಾಗಿದ ಗೋಡೆಯಾಚೆಯ ಕೋಣೆಯಲ್ಲಿ ಯಾರಾದರೂ ಮಲಗುವಂತಿದ್ದರೆ ಅಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಕೂರಿಸಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಉಳಿದ ಕೆಂಡವನ್ನು ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ ಹೊರಗೇ ಇಡಿ. ಆರಿದ ಮೇಲೆ ಆ ಇದ್ದಿಲೇ ಮರುದಿನ ಹೊತ್ತಿಸಲು ಬರುತ್ತದೆ.